ಎಡಕ್ಕೆ ಎಳೆಯುತ್ತಿದ್ದ ವ್ಯಾನು

ನಮ್ಮ ಶಾಲೆಯ ಹಳೆಯ ಮಕ್ಕಳದ್ದೊಂದು ವಾಟ್ಸಾಪ್ ಗುಂಪಿದೆ. ಕಳೆದ ವಾರ ಯಾರೋ ಅದರಲ್ಲಿ ಬಿಳಿ ವ್ಯಾನೊಂದರ ಫೋಟೊ ಹಾಕಿದರು. ನಮ್ಮ ವ್ಯಾನಲ್ಲ, ಅಂಥದ್ದೇ ಇನ್ನೊಂದು. ಕೆಳಗೆ ‘ಆ ದಿನಗಳು ಯಾರಿಗೆಲ್ಲ ನೆನಪುಂಟು?’ ಎಂದು ಬರೆದಿದ್ದರು. ಸಂಜೆಯೊಳಗೆ ಗುಂಪಿನ ತುಂಬ ಕೆಂಪು ಹೃದಯಗಳು. ಗಿರಿಯಣ್ಣ ಹಾಕುತ್ತಿದ್ದ ಹಾಡುಗಳು, ವ್ಯಾನು ನಿಲ್ಲಿಸಿ ಕೊಯ್ದ ಗೇರುಹಣ್ಣು, ಬಿಸಿ ಚಕ್ರದ ಮೇಲೆ ನೀರು ಹೊಯ್ಯುವ ಆಟ, ಒಂದೊಂದಾಗಿ ಎಲ್ಲರ ನೆನಪೂ ಹೊರಗೆ ಬಂತು. ‘ಎಂಥ ಖುಷಿ ಮಾರಾಯ ಆಗ! ಈಗಿನ ಮಕ್ಕಳಿಗೆ ಇದೆಲ್ಲ ಎಲ್ಲಿ ಉಂಟು?’ ಎಂದು ಪ್ರಜ್ವಲ್ ಬರೆದ. ಅದಕ್ಕೂ ಹೃದಯಗಳು ಬಂದವು.

ಅಕ್ಕ ಆ ಗುಂಪಿನಲ್ಲಿಲ್ಲ. ನಾನಿದ್ದೇನೆ. ನನಗೂ ಆ ದಿನಗಳು ನೆನಪಿವೆ, ಬಹುಶಃ ಅವರೆಲ್ಲರಿಗಿಂತ ಹೆಚ್ಚು. ಗುಂಪಿನಲ್ಲಿ ಬರೆಯಲು ಕೈ ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾವು ವೇಣೂರಿನ ಹತ್ತಿರದ ಒಂದು ಹಳ್ಳಿಯಲ್ಲಿದ್ದೆವು. ಅಪ್ಪ ಊರಿನ ಬಸದಿಯ ಪೂಜೆ ನೋಡಿಕೊಳ್ಳುತ್ತಿದ್ದರು. ಶಾಲೆ ಮೂಡುಬಿದಿರೆಯಲ್ಲಿ. ನಾನು ಮೂರನೆಯ ತರಗತಿ, ಅಕ್ಕ ಸನ್ಮತಿ ಆರನೆಯದು. ನಮ್ಮ ಕಡೆಯ ಮಕ್ಕಳನ್ನೆಲ್ಲ ತುಂಬಿಸಿಕೊಂಡು ಹೋಗಲು ಗಿರಿಯಣ್ಣನ ವ್ಯಾನು ಬರುತ್ತಿತ್ತು. ಮೂತಿಯೇ ಇಲ್ಲದ ಗಾಡಿ ಅದು. ಮುಂದಿನ ಸೀಟಿನಲ್ಲಿ ಕುಳಿತವರ ಮೊಣಕಾಲಿನ ಎದುರಿಗೆ ಒಂದು ತಗಡು, ಅದರ ಆಚೆಗೆ ರಸ್ತೆ. ಚಕ್ರ ಸೀಟಿನ ನೇರ ಅಡಿಯಲ್ಲಿ.

ವ್ಯಾನಿನಲ್ಲಿ ಒಂದು ಕಟ್ಟಳೆ ಇತ್ತು. ಬೆಳಿಗ್ಗೆ ಮೊದಲು ಹತ್ತಿದವರಿಗೆ ಮುಂದಿನ ಸೀಟು. ನಮ್ಮ ಮನೆಯೇ ಕೊನೆಯ ಮನೆಯಾದ್ದರಿಂದ ಹತ್ತುವುದರಲ್ಲಿ ನಾವೇ ಮೊದಲು. ಹಾಗಾಗಿ ಗಿರಿಯಣ್ಣನ ಎಡಬದಿಯ ಆ ಸೀಟು ಅಕ್ಕನದ್ದಾಗಿತ್ತು. ಅವಳಿಗೆ ಅದೊಂದು ಸಿಂಹಾಸನ. ಅಲ್ಲಿ ಕುಳಿತು ಅವಳು ಹಿಂದಿದ್ದ ನಮಗೆಲ್ಲ ರಸ್ತೆ ಓದಿ ಹೇಳುತ್ತಿದ್ದಳು. “ದನ ಉಂಟು... ದನ ದಾಟಿತು... ಈಗ ಒಂದು ಮದುವೆ ಬಸ್ಸು, ಹೂ ಕಟ್ಟಿದ್ದಾರೆ...” ಹಿಂದೆ ಒಬ್ಬರ ಮಡಿಲಲ್ಲಿ ಒಬ್ಬರು ತುರುಕಿಕೊಂಡಿದ್ದ ನಮಗೆ ರಸ್ತೆ ಕಾಣುತ್ತಿರಲಿಲ್ಲ. ಅಕ್ಕ ಹೇಳಿದ್ದೇ ರಸ್ತೆ.

ಅಕ್ಕ ದಪ್ಪಗಿದ್ದಳು. ಅಮ್ಮನ ತವರಿನವರ ಮೈಕಟ್ಟು. ಊಟದಲ್ಲಿ ಅವಳಿಗಿದ್ದ ಆಸೆ ನೋಡಲು ಚೆಂದ. ನಮ್ಮ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ, ಬಟಾಟೆಯೂ ಇಲ್ಲ. ಅಷ್ಟಿಲ್ಲದೆಯೂ ಅಮ್ಮನ ಅಡುಗೆಗೆ ಬಸದಿಗೆ ಬಂದವರು ನೆಪ ಹುಡುಕಿಕೊಂಡು ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ಹಲಸಿನೆಲೆಯ ದೊನ್ನೆಯಲ್ಲಿ ಇಡ್ಲಿಯ ಹಾಗೆ ಬೇಯಿಸಿದ ಕೊಟ್ಟಿಗೆಯನ್ನು ಅಕ್ಕ ಬಿಚ್ಚುವ ರೀತಿಯೇ ಬೇರೆ. ಮೊದಲು ಎಲೆಯನ್ನು ಮೂಸಿ ನೋಡುವಳು, ಆಮೇಲೆ ಒಂದೊಂದೇ ಕಡ್ಡಿ ತೆಗೆದು ಎಲೆಗೆ ಅಂಟಿದ್ದನ್ನೂ ಬೆರಳಿನಲ್ಲಿ ಬಳಿದು ತಿನ್ನುವಳು.

ಗೇರುಮರಗಳು ಹೂ ಬಿಟ್ಟು, ರಸ್ತೆಯ ಎರಡೂ ಬದಿ ಆ ಸಿಹಿ ಕಮಟು ವಾಸನೆ ಹಬ್ಬಿದ ಸಮಯ. ಚಳಿ ಮುಗಿದಿತ್ತು, ಪರೀಕ್ಷೆ ಹತ್ತಿರ ಬರುತ್ತಿತ್ತು. ಆಗಲೇ ವ್ಯಾನು ಎಡಕ್ಕೆ ಎಳೆಯಲು ಸುರುವಾದದ್ದು.

ಮೊದಲು ಹೇಳಿದ್ದು ಗಿರಿಯಣ್ಣನೇ. “ಇದೆಂತ ಮಾರಾಯ್ರೆ, ಗಾಡಿ ಬದಿಗೆ ಬದಿಗೆ ಹೋಗ್ತಾ ಉಂಟು!” ಎಂದು ಸ್ಟೇರಿಂಗನ್ನು ಬಲಕ್ಕೆ ತಿರುವಿ ಹಿಡಿದರು. ಮರುದಿನ ಟಯರಿಗೆ ಗಾಳಿ ಹಾಕಿಸಿದರು. ಸರಿಯಾಗಲಿಲ್ಲ. ಅದರ ಮರುದಿನ, ನೆಟ್ಟಗಿನ ಸಮತಟ್ಟು ರಸ್ತೆ ಬಂದಾಗ, ಎರಡೂ ಕೈಗಳನ್ನು ಮೇಲೆತ್ತಿದರು.

“ನೋಡಿ ಮಕ್ಕಳೇ, ನಾನು ಬಿಟ್ಟೆ. ಎಲ್ಲಿಗೆ ಹೋಗ್ತದೆ ನೋಡುವ.”

ವ್ಯಾನು ಮೆಲ್ಲಗೆ ಎಡಕ್ಕೆ ಜಾರಿತು. ಡಾಮರಿನ ಅಂಚು ಬಂತು, ಜಲ್ಲಿ ಬಂತು, ಅದರಾಚೆಯ ಚರಂಡಿ ಬಂತು. ನಾವೆಲ್ಲ ಕಿರಿಚಿದೆವು. ಚರಂಡಿ ಬಾಯಿ ತೆರೆಯುವಷ್ಟರಲ್ಲಿ ಗಿರಿಯಣ್ಣ ಸ್ಟೇರಿಂಗು ಹಿಡಿದು ನಕ್ಕರು.

“ಯಾರ ಬದಿಗೆ ಹೋದದ್ದು?”

ಹಿಂದಿನಿಂದ ಪ್ರಜ್ವಲ್ ಕೂಗಿದ. ಅವನು ಏಳನೆಯ ತರಗತಿ, ವ್ಯಾನಿನಲ್ಲಿ ಎಲ್ಲರಿಗಿಂತ ದೊಡ್ಡವನು.

“ಸನ್ಮತಿಯ ಬದಿಗೆ!”

ವ್ಯಾನಿಡೀ ನಕ್ಕಿತು. ಗಿರಿಯಣ್ಣ ಸ್ಟೇರಿಂಗಿಗೆ ಬಡಿದು ನಕ್ಕರು. ಅಕ್ಕನೂ ನಕ್ಕಳು. ಆ ದಿನ ಅದು ಬರೀ ತಮಾಷೆ ಎಂದುಕೊಂಡಿದ್ದಳು.

ಮರುದಿನದಿಂದ ಅವಳಿಗೆ ಹೆಸರು ಬಿತ್ತು. ಗಿರಿಯಣ್ಣ ನಮ್ಮ ಮನೆಯೆದುರು ಹಾರ್ನ್ ಹಾಕಿ, “ಲೋಡು ಬಂತಾ? ಬೇಗ ಬೇಗ!” ಎನ್ನುತ್ತಿದ್ದರು. ಮಕ್ಕಳು ‘ಟಿಪ್ಪರ್’ ಎನ್ನುತ್ತಿದ್ದರು. ಪ್ರಜ್ವಲ್ ಒಂದು ಪದ್ಯ ಕಟ್ಟಿದ. ‘ಸನ್ಮತಿ ಹತ್ತಿದ್ರೆ ಎಡಕ್ಕೆ, ಸನ್ಮತಿ ಇಳಿದ್ರೆ ಮೇಲಕ್ಕೆ.’ ಸೀಟಿನ ಬೆನ್ನಿಗೆ ತಾಳ ಹಾಕುತ್ತಾ ಅದನ್ನು ಹೇಳಿದರೆ ಮೂಡುಬಿದಿರೆ ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಸಮತಟ್ಟು ರಸ್ತೆಯಲ್ಲಿ ಕೈ ಬಿಡುವುದು ದಿನದ ಆಟವಾಯಿತು. ಗಿರಿಯಣ್ಣ ಕೈ ಎತ್ತುತ್ತಿದ್ದಂತೆ ಅಕ್ಕ ಕಣ್ಣು ಮುಚ್ಚಿ, ಇಡೀ ಮೈಯನ್ನು ಬಲಕ್ಕೆ ವಾಲಿಸಿ, ಉಸಿರು ಕಟ್ಟಿ ಕೂರುತ್ತಿದ್ದಳು. ವ್ಯಾನು ಎಡಕ್ಕೇ ಹೋಗುತ್ತಿತ್ತು.

ಅವಳು ವಾಲುವುದನ್ನು ನೋಡಿ ಮಕ್ಕಳಿಗೆ ಇನ್ನೂ ನಗು.

ನೀರು ಹೊಯ್ಯುವ ಆಟ ಬಂದದ್ದೂ ಆಗಲೇ. ಶಾಲೆಯ ಗೇಟಿನ ಹತ್ತಿರ ಇಳಿದಾಗ ವ್ಯಾನಿನ ಎಡಬದಿಯ ಮುಂದಿನ ಚಕ್ರದಿಂದ ಒಂದು ಸುಟ್ಟ ವಾಸನೆ ಬರುತ್ತಿತ್ತು, ರಬ್ಬರು ಮತ್ತು ಕಬ್ಬಿಣ ಒಟ್ಟಿಗೆ ಕಾದಂತೆ. ಯಾರೋ ನೀರಿನ ಬಾಟಲಿಯಿಂದ ಅದರ ನಡುವಿನ ಕಬ್ಬಿಣಕ್ಕೆ ನೀರು ಚಿಮುಕಿಸಿದರು. ಕಾದ ಕಾವಲಿಗೆ ನೀರ್‌ದೋಸೆ ಹೊಯ್ದ ಹಾಗೆ ‘ಚುಂಯ್’ ಎಂದಿತು. ಅಷ್ಟೇ ಸಾಕಾಯಿತು. ಆಮೇಲೆ ದಿನವೂ ದೋಸೆ ಹೊಯ್ಯುವ ಆಟ. ಒಬ್ಬ ಹೊಯ್ಯುವುದು, ಒಬ್ಬ ಮಗುಚುವುದು, ಒಬ್ಬ ಬಾಳೆಲೆ ಹಿಡಿದ ಹಾಗೆ ಕೈ ಒಡ್ಡಿ ನಿಲ್ಲುವುದು. ಉಳಿದ ಮೂರು ಚಕ್ರಗಳಿಗೂ ನೀರು ಹಾಕಿ ನೋಡಿದೆವು. ಅಲ್ಲಿ ದೋಸೆ ಏಳುತ್ತಿರಲಿಲ್ಲ. ನೀರು ಸುಮ್ಮನೆ ಇಳಿದು ಹೋಗುತ್ತಿತ್ತು.

ಅದನ್ನು ಗಮನಿಸಿದವಳು ಅಕ್ಕ ಒಬ್ಬಳೇ. ಒಂದು ಸಂಜೆ ಹತ್ತುವ ಮೊದಲು ಗಿರಿಯಣ್ಣನ ಹತ್ತಿರ ಹೋಗಿ ಹೇಳಿದಳು.

“ಗಿರಿಯಣ್ಣ, ಈ ಒಂದು ಚಕ್ರ ಮಾತ್ರ ಬಿಸಿ ಆಗೂದು. ಬೇರೆ ಯಾವುದೂ ಆಗೂದಿಲ್ಲ. ಅದಕ್ಕೇ ಏನೋ ಆಗಿರಬೇಕು. ನಾನಲ್ಲ.”

ಗಿರಿಯಣ್ಣ ಬಾಗಿ ಚಕ್ರ ನೋಡಿದರು. ಅಕ್ಕನನ್ನು ನೋಡಿದರು. ಮಕ್ಕಳೆಲ್ಲ ಸುತ್ತ ನಿಂತಿದ್ದರು.

“ಅಲ್ಲ ಮಾರಾಯ್ತಿ, ಆ ಚಕ್ರದ ಮೇಲೆ ಯಾರು ಕೂತ್ಕೊಳ್ಳೂದು? ಹೇಳು. ಅಷ್ಟು ಭಾರ ಹೊತ್ರೆ ಬಿಸಿ ಆಗದೆ ಮತ್ತೆಂತ, ತಂಪಾಗ್ತದಾ?”

ಆ ನಗು ಗೇಟಿನಿಂದ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿರಬಹುದು. ಅವಳಿಗೆ ಸಿಕ್ಕಿದ್ದ ಒಂದೇ ಒಂದು ಸಾಕ್ಷಿಯನ್ನು ಅವಳ ಮೇಲೆಯೇ ತಿರುಗಿಸಿಬಿಟ್ಟರು. ಆ ಸಂಜೆಯಿಂದಲೇ ಅವಳನ್ನು ಮುಂದಿನ ಸೀಟಿನಿಂದ ತೆಗೆದು, ಹಿಂದೆ, ಬಲಬದಿಯ ಮೂಲೆಗೆ ಕೂರಿಸಿದರು. “ಬ್ಯಾಲೆನ್ಸ್ ಆಗ್ಲಿ” ಎಂದರು. ಮುಂದಿನ ಸೀಟಿಗೆ ದಿನಕ್ಕೊಬ್ಬರಂತೆ ಸಪೂರದ ಮಕ್ಕಳು. ಅವರಾರಿಗೂ ರಸ್ತೆ ಓದಲು ಬರುತ್ತಿರಲಿಲ್ಲ. ಕಿಟಕಿಯಿಂದ ಹೊರಗೆ ಉಗುಳುತ್ತಾ ಕೂರುತ್ತಿದ್ದರು.

ಹಿಂದಿನ ಮೂಲೆಯಲ್ಲಿ ಸ್ಟೆಪ್ನಿಯ ಪಕ್ಕ, ಎಲ್ಲರ ಬ್ಯಾಗುಗಳ ನಡುವೆ ಕುಳಿತು ಅಕ್ಕ ಒಂದು ತೀರ್ಮಾನ ಮಾಡಿದಳು. ನನಗೆ ಹೇಳಿದ್ದು ಎರಡು ದಿನ ಕಳೆದ ಮೇಲೆ, ಬಾವಿಕಟ್ಟೆಯ ಹತ್ತಿರ.

“ನಾನು ಸಪೂರ ಆಗ್ತೇನೆ. ವ್ಯಾನು ನೇರ ಹೋದ್ರೆ ಮುಂದಿನ ಸೀಟು ನಂಗೆ ವಾಪಸ್ ಕೊಡ್ತಾರಂತೆ. ಗಿರಿಯಣ್ಣ ಹೇಳಿದ್ದಾರೆ. ನೀನು ಯಾರಿಗೂ ಹೇಳ್ಬಾರ್ದು. ಹೇಳಿದ್ರೆ ನೋಂಪಿ ಮುರೀತದೆ.”

ನೋಂಪಿ ಎಂದರೆ ನಮ್ಮಲ್ಲಿ ವ್ರತ. ದೊಡ್ಡವರು ಹಿಡಿಯುತ್ತಿದ್ದರು. ಹಿಡಿದದ್ದನ್ನು ಮುರಿದರೆ ಏನಾಗುತ್ತದೆ ಎಂಬ ಕಥೆಗಳನ್ನು ಅಜ್ಜಿ ಮಲಗುವಾಗ ಹೇಳುತ್ತಿದ್ದರು. ನಾನು ಬಾಯಿ ಬಿಡಲಿಲ್ಲ.

ಉಪವಾಸ ಮಾಡುವ ಮಗುವನ್ನು ಬೇರೆ ಮನೆಯಲ್ಲಾಗಿದ್ದರೆ ಬೈದು, ಹೊಡೆದು ಉಣ್ಣಿಸುತ್ತಿದ್ದರು. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಬೆಳಿಗ್ಗೆ ಅಕ್ಕ ತಿಂಡಿಯ ತಟ್ಟೆ ದೂಡಿ, “ದೇವರ ದರ್ಶನ ಆಗದೆ ನಾನು ತಿನ್ನೂದಿಲ್ಲ” ಎಂದಳು. ಅಪ್ಪ ಬಸದಿಯ ಬಾಗಿಲು ತೆರೆಯುವ ಮೊದಲೇ ವ್ಯಾನು ಬರುತ್ತಿತ್ತು. ಸಂಜೆ ಮನೆಗೆ ಬಂದರೆ, “ನಂಗೆ ಇವತ್ತು ಏಕಾಶನ. ಮಧ್ಯಾಹ್ನ ಉಂಡದ್ದೇ ಸಾಕು” ಎನ್ನುತ್ತಿದ್ದಳು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತಿಸುವುದಿಲ್ಲ. ಹಾಗಾಗಿ ಸಂಜೆ ಅರ್ಧ ಗಂಟೆ ಹೇಗಾದರೂ ತಳ್ಳಿದರೆ ಆಯಿತು, ಆಮೇಲೆ ಉಣ್ಣು ಎಂದು ಹೇಳುವವರೂ ಇರಲಿಲ್ಲ.

ಅಜ್ಜಿಗೆ ಆದ ಸಂತೋಷವನ್ನು ನಾನು ಏನೆಂದು ಹೇಳಲಿ. “ನೋಡಿ, ನಮ್ಮ ಮನೆಯ ಮಗು! ಹೇಳಿಕೊಡದೆ ಹಿಡಿದಿದ್ದಾಳೆ!” ಎಂದು ಬಸದಿಗೆ ಬಂದವರಿಗೆಲ್ಲ ಹೇಳಿದರು. ಭಾನುವಾರ ಅಭಿಷೇಕ ಮುಗಿದ ಮೇಲೆ ಹೆಂಗಸರು ಅಕ್ಕನ ತಲೆ ಮುಟ್ಟಿ ಕೈಯನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು. ಒಬ್ಬರು ಅವಳಿಗೆ ರೇಷ್ಮೆಯ ಲಂಗ ಕೊಟ್ಟರು. ಅಮ್ಮನಿಗೆ ಮಾತ್ರ ಒಳಗೆಲ್ಲೋ ಅಳುಕಿತ್ತು.

“ಸಣ್ಣ ಪ್ರಾಯ ಅತ್ತೆ. ಬೆಳೆಯುವ ಮಗು.”

“ಬುತ್ತಿ ಖಾಲಿ ಆಗಿ ಬರ್ತದಲ್ಲ? ಒಂದು ಹೊತ್ತು ಉಣ್ತಾಳಲ್ಲ? ಮತ್ತೆಂತ ನಿನ್ನದು?” ಎಂದರು ಅಜ್ಜಿ.

ಬುತ್ತಿ ಖಾಲಿಯಾಗಿಯೇ ಬರುತ್ತಿತ್ತು. ಉಣ್ಣುತ್ತಿದ್ದವರು ಗಿರಿಯಣ್ಣ. ಅಕ್ಕ ತಿನ್ನುತ್ತಿದ್ದದ್ದು ನನ್ನ ಬುತ್ತಿಯಿಂದ ಎರಡು ತುತ್ತು ಮಾತ್ರ. ಬೆಳಿಗ್ಗೆ ಇಳಿಯುವಾಗ ಅಕ್ಕ ಬುತ್ತಿಯನ್ನು ಅವರ ಕೈಯಲ್ಲಿ ಇಡುತ್ತಿದ್ದಳು. ಮೊದಲ ದಿನ ಅವರು, “ನಂಗೆಂತಕ್ಕೆ?” ಎಂದರು. ಅಕ್ಕ, “ನಂಗೆ ಹಸಿವಿಲ್ಲ ಅಣ್ಣ. ಭಾರ ಕಡಿಮೆ ಆಗ್ಬೇಕಲ್ಲ” ಎಂದಳು. ಗಿರಿಯಣ್ಣ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು. ಎಳೆ ಗೇರುಬೀಜದ ಪಲ್ಯದ ಪರಿಮಳ ನನಗೂ ಬಂತು.

“ಹ್ಞಾ, ಅದು ಸರಿ. ಲೋಡು ಇಳಿದಷ್ಟು ಗಾಡಿಗೆ ಒಳ್ಳೇದು,” ಎಂದು ನಕ್ಕರು. ಆಮೇಲೆ ದಿನವೂ ಉಂಡು, ಸಂಜೆ ತೊಳೆದು ಹಿಂದೆ ಕೊಡುತ್ತಿದ್ದರು. “ನಿನ್ನ ಅಮ್ಮನ ಕೈ ಬಂಗಾರ ಮಾರಾಯ್ತಿ. ನಾಳೆ ಎಂತ ಉಂಟು?”

ನಾಳೆ ಎಂತ ಉಂಟೆಂದು ಅಕ್ಕ ಅವರಿಗೆ ಹೇಳುತ್ತಿದ್ದಳು. ಹೇಳುವಾಗ ಎಂಜಲು ನುಂಗುತ್ತಿದ್ದಳು. ನಾನು ನೋಡಿದ್ದೇನೆ.

ಒಂದು ದಿನ ಅವಳಿಗೆ ಜ್ವರ ಬಂತು. ನಾನೊಬ್ಬನೇ ಶಾಲೆಗೆ ಹೋದೆ. ಸಮತಟ್ಟು ರಸ್ತೆ ಬರುತ್ತಿದ್ದಂತೆ ಗಿರಿಯಣ್ಣ ಹಾಡು ಸಣ್ಣದು ಮಾಡಿದರು. “ಇವತ್ತು ಲೋಡಿಲ್ಲ. ನೋಡುವ,” ಎಂದು ಕೈ ಎತ್ತಿದರು. ವ್ಯಾನು ಸ್ವಲ್ಪ ದೂರ ನೆಟ್ಟಗೆ ಹೋದಂತೆ ಮಾಡಿ, ಆಮೇಲೆ ಎಡಕ್ಕೆ ಜಾರಿತು. ಡಾಮರಿನ ಅಂಚು, ಜಲ್ಲಿ, ಚರಂಡಿ. ದಿನಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಮಕ್ಕಳು ಸುಮ್ಮನಾದರು. ಸತ್ಯ ಆ ವ್ಯಾನಿನ ಒಳಗೆ ನಮ್ಮ ಜೊತೆ ಬಂದು ಕುಳಿತ ಒಂದು ಗಳಿಗೆ ಅದು. ನನಗೆ ಈಗಲೂ ಅನಿಸುವುದುಂಟು, ಆಗ ಯಾರಾದರೂ ಒಬ್ಬರು, ಒಂದೇ ಮಾತು ಹೇಳಿದ್ದರೆ ಎಂದು. ಹೇಳಿದವರು ಗಿರಿಯಣ್ಣ.

“ಇದಾ, ಗೊತ್ತಾಯ್ತು. ಅವಳು ಕೂತು ಕೂತು ಈ ಬದಿಯ ಸ್ಪ್ರಿಂಗೇ ಕೂತು ಹೋಗಿದೆ! ಇನ್ನು ಅವಳು ಬಂದ್ರೂ ಒಂದೇ, ಬಿಟ್ರೂ ಒಂದೇ.”

ಎಲ್ಲರಿಗೂ ಉಸಿರು ಬಂತು. ಪದ್ಯ ಸುರುವಾಯಿತು.

ಸಂಜೆ ಮನೆಗೆ ಓಡಿದೆ. ಅಕ್ಕ ಚಾಪೆಯ ಮೇಲೆ ಮಲಗಿದ್ದಳು. “ಅಕ್ಕಾ, ನೀನಿಲ್ಲದಿದ್ರೂ ಎಡಕ್ಕೇ ಹೋಯ್ತು!” ಎಂದೆ. ಅವಳು ಎದ್ದು ಕುಳಿತಳು. ಆ ಜ್ವರದ ಮುಖ ಅಷ್ಟು ಬೆಳಗಿದ್ದನ್ನು ಮತ್ತೆ ನಾನು ಒಂದೇ ಒಂದು ಸಲ ನೋಡಿದೆ, ಅದನ್ನು ಮುಂದೆ ಹೇಳುತ್ತೇನೆ. “ಹೌದಾ? ದೇವರಾಣೆಗೂ? ಗಿರಿಯಣ್ಣ ಎಂತ ಹೇಳಿದ್ರು?” ಎಂದು ಕೇಳಿದಳು. ಸ್ಪ್ರಿಂಗಿನ ಮಾತು ಹೇಳಿದೆ. ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಬಳೆಗಳು ಆಗಲೇ ಮೊಣಕೈವರೆಗೆ ಜಾರುತ್ತಿದ್ದವು.

“ಹಾಗಾದ್ರೆ ಇನ್ನೂ ಕಡಿಮೆ ಆಗ್ಬೇಕು,” ಎಂದಳು.

ಇನ್ನೂ ಕಡಿಮೆಯಾದಳು. ಪ್ರಾರ್ಥನೆಗೆ ನಿಂತಾಗ ಒಮ್ಮೆ ತಲೆ ತಿರುಗಿ ಬಿದ್ದಳು. ಟೀಚರ್ ಸಕ್ಕರೆ ನೀರು ಕುಡಿಸಿ, ಬಿಸಿಲಿಗೆ ಹೀಗಾಗುತ್ತದೆ ಎಂದರು. ಅಮ್ಮ ನಮ್ಮ ಯೂನಿಫಾರ್ಮು ಒಗೆಯುವಾಗ, “ಇದೆಂತ ಸುಟ್ಟ ವಾಸನೆ ಬಟ್ಟೆಗೆಲ್ಲ?” ಎಂದು ಕೇಳುತ್ತಿದ್ದರು. ನಾವು, “ವ್ಯಾನಿನದ್ದು” ಎನ್ನುತ್ತಿದ್ದೆವು. ಯಾವ ವ್ಯಾನಿಗೆ ವಾಸನೆ ಇಲ್ಲ? ಒಮ್ಮೆ ಅಪ್ಪ ಹಾರ್ನ್ ಕೇಳಿ ಗೇಟಿಗೆ ಬಂದು ಗಿರಿಯಣ್ಣನಲ್ಲಿ, “ಗಾಡಿ ಸರಿ ಉಂಟಲ್ಲ?” ಎಂದು ವಿಚಾರಿಸಿದರು. “ಸಣ್ಣ ಎಳೆತ ಎಲ್ಲ ಗಾಡಿಗೂ ಉಂಟು ಸ್ವಾಮಿ. ಕೈಗೆ ಅಭ್ಯಾಸ ಆದ್ರೆ ಆಯ್ತು,” ಎಂದರು. ಅಪ್ಪ ತಲೆಯಾಡಿಸಿದರು. ಅಪ್ಪನಿಗೆ ಸೈಕಲ್ಲು ಬಿಟ್ಟರೆ ಬೇರೆ ಗಾಡಿ ಗೊತ್ತಿರಲಿಲ್ಲ.

ಪರೀಕ್ಷೆಯ ಮೊದಲ ದಿನ. ಅಕ್ಕನಿಗೆ ಕನ್ನಡ, ನನಗೆ ಗಣಿತ. ವ್ಯಾನು ಬಂದು ನಿಂತಿತು. ಗಿರಿಯಣ್ಣ ಅಂದು ಒಳ್ಳೆಯ ಲಹರಿಯಲ್ಲಿದ್ದರು. ಅಕ್ಕ ಹಿಂದಿನ ಬಾಗಿಲಿಗೆ ಹೋಗುತ್ತಿದ್ದಂತೆ ಕರೆದರು.

“ಏ, ಇಲ್ಲಿ ಬಾ ನೋಡುವ. ಓಹೋ! ನಮ್ಮ ಲೋಡು ಖಾಲಿ ಗೋಣಿ ಆಗಿ ಬಿಟ್ಟಿದೆಯಲ್ಲ ಮಾರಾಯ್ರೆ! ಆಯ್ತು, ಕೊಟ್ಟ ಮಾತು ಕೊಟ್ಟದ್ದೇ. ಹತ್ತು ಮುಂದೆ.”

ಅಕ್ಕ ನನ್ನನ್ನು ನೋಡಿದಳು. ಆಮೇಲೆ ಸೀಟನ್ನು ಕೈಯಲ್ಲಿ ಒರೆಸಿ, ಲಂಗ ಸರಿಮಾಡಿಕೊಂಡು ಹತ್ತಿ ಕುಳಿತಳು. ಎರಡು ಜಡೆಗಳನ್ನೂ ಮುಂದಕ್ಕೆ ಹಾಕಿಕೊಂಡಳು. ನಾನು ಗಿರಿಯಣ್ಣನ ಬೆನ್ನ ಹಿಂದೆ ಕುಳಿತೆ. ಒಬ್ಬೊಬ್ಬರೇ ಹತ್ತಿದರು. ಪ್ರಜ್ವಲ್ ಹತ್ತಿ, “ಓ, ಟಿಪ್ಪರ್ ಮುಂದೆ!” ಎಂದ. ಅಕ್ಕ ತಿರುಗಲಿಲ್ಲ. ಅವಳು ರಸ್ತೆ ಓದಲು ಸುರು ಮಾಡಿದ್ದಳು.

“ಹಾಲಿನ ರಿಕ್ಷಾ... ನಾಯಿ... ನಾಯಿ ಹೋಯ್ತು... ಗೇರುಹಣ್ಣು ಬಿದ್ದದ್ದು ಉಂಟು, ರಸ್ತೆಯಿಡೀ...”

ಸಮತಟ್ಟು ರಸ್ತೆ ಬಂತು. ಆ ದಿನ ಗಿರಿಯಣ್ಣ ಕೈ ಎತ್ತಲಿಲ್ಲ. ಪರೀಕ್ಷೆಗೆ ಹೊತ್ತಾಗಿತ್ತು. ವ್ಯಾನು ನೆಟ್ಟಗೆ ಹೋಗುತ್ತಿತ್ತು. ಅಕ್ಕ ಆ ಉದ್ದ ರಸ್ತೆಯನ್ನು ನೋಡಿದಳು, ಮತ್ತೆ ಸೀಟಿನ ಮೇಲಿನಿಂದ ಪೂರ್ತಿ ಹಿಂದಕ್ಕೆ ತಿರುಗಿ, ನನ್ನನ್ನೇ ಹುಡುಕಿ, ಹೇಳಿದಳು.

“ನೋಡಾ! ನೇರ ಹೋಗ್ತಾ ಉಂಟು!”

ಆ ಮುಖ. ಜ್ವರದ ದಿನದ ಬೆಳಕು ಅದರಲ್ಲಿ ಮತ್ತೊಮ್ಮೆ ಇತ್ತು.

ಅವಳಿಗೆ ಕಾಣುತ್ತಿದ್ದದ್ದು ರಸ್ತೆ. ನನಗೆ ಕಾಣುತ್ತಿದ್ದದ್ದು ಗಿರಿಯಣ್ಣನ ಕೈ. ಅದು ಸ್ಟೇರಿಂಗನ್ನು ಬಲಕ್ಕೆ ಎಳೆದು ಹಿಡಿದಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ನರಗಳು ಹಗ್ಗದ ಹಾಗೆ ಎದ್ದಿದ್ದವು. ಆ ಎರಡನ್ನೂ, ಆ ಮುಖವನ್ನೂ ಆ ಕೈಯನ್ನೂ, ಒಟ್ಟಿಗೆ ನೋಡಿದವನು ನಾನೊಬ್ಬನೇ. ಇಷ್ಟು ವರ್ಷಗಳಾದರೂ ಕಣ್ಣು ಮುಚ್ಚಿದರೆ ಮೊದಲು ಬರುವುದು ಅದೇ. ಒಡೆದ ಗಾಜಲ್ಲ, ರಕ್ತವಲ್ಲ.

ಮುಂದೆ ಇಳಿಜಾರು, ಒಂದು ತಿರುವು, ಬುಡದಲ್ಲಿ ಸಣ್ಣ ಸೇತುವೆ. ತಿರುವಿನಲ್ಲಿ ಬಸ್ಸೊಂದು ಇನ್ನೊಂದನ್ನು ಹಿಂದೆ ಹಾಕುತ್ತಾ ನಮ್ಮ ಬದಿಗೇ ಬಂತು. ಅಕ್ಕ ಇನ್ನೂ ನನ್ನ ಕಡೆಗೇ ತಿರುಗಿದ್ದಳು. ರಸ್ತೆ ಓದುವವರು ಯಾರೂ ಇರಲಿಲ್ಲ. ಗಿರಿಯಣ್ಣ, “ಅಯ್ಯೋ ದೇವ್ರೇ” ಎಂದು ಬ್ರೇಕು ತುಳಿದರು. ಬಸ್ಸು ಹೇಗೋ ತನ್ನ ಬದಿಗೆ ಸರಿದುಕೊಂಡಿತು, ನಮ್ಮನ್ನು ಮುಟ್ಟಲೂ ಇಲ್ಲ. ವ್ಯಾನು ಸಾಮಾನ್ಯದ್ದಾಗಿದ್ದರೆ ಅಲ್ಲೇ, ರಸ್ತೆಯ ಮೇಲೆ ನಿಲ್ಲುತ್ತಿತ್ತು. ನಮ್ಮದು ಯಾರೋ ಕಿವಿ ಹಿಡಿದು ಎಳೆದ ಹಾಗೆ ಒಮ್ಮೆಲೇ ಎಡಕ್ಕೆ ತಿರುಗಿ, ಸೇತುವೆಯ ಕಲ್ಲಿನ ಕಟ್ಟೆಗೆ ಹೊಡೆಯಿತು. ಹೊಡೆದದ್ದು ಎಡ ಮೂಲೆ ಮಾತ್ರ.

ಯಾರದೋ ನೀರಿನ ಬಾಟಲಿ ಒಡೆದು ನೀರು ಸೀಟಿನಡಿಗೆ ಹರಿಯುತ್ತಿತ್ತು. ಅದು ಚಕ್ರಕ್ಕೆ ಮುಟ್ಟಿ ಚುಂಯ್ ಎಂದಿತು. ನಮ್ಮ ದೋಸೆಯ ಸದ್ದು. ನಾನು ಮೊದಲು ಕೇಳಿದ್ದು ಅದನ್ನು, ಆಮೇಲೆ ಅಕ್ಕನ ಸ್ವರವನ್ನು. ಅವಳು ಅಳುತ್ತಿರಲಿಲ್ಲ. “ನಾನು ತಿಂದಿಲ್ಲ ಗಿರಿಯಣ್ಣ. ಬೆಳಿಗ್ಗೆ ಎಂತದೂ ತಿಂದಿಲ್ಲ,” ಎನ್ನುತ್ತಿದ್ದಳು. ಮತ್ತೆ ಮತ್ತೆ ಅದನ್ನೇ.

ಬಸ್ಸಿನವರು ಓಡಿ ಬಂದು ತಗಡು ಬಗ್ಗಿಸಿ ಅವಳನ್ನು ಎಳೆದು ತೆಗೆದರು. ನಮಗೆಲ್ಲ ತರಚಿದ ಗಾಯ. ಗಿರಿಯಣ್ಣನ ಹಣೆಗೆ ಒಂದು ಪಟ್ಟಿ. ಅಕ್ಕನ ಎಡಗಾಲು ಮೊಣಕಾಲಿನ ಕೆಳಗೆ ಪುಡಿಯಾಗಿತ್ತು.

ಮಂಗಳೂರಿನ ಆಸ್ಪತ್ರೆಯ ವರಾಂಡದಲ್ಲಿ ಗಿರಿಯಣ್ಣ ಅಪ್ಪನ ಎದುರು ಕೈಮುಗಿದು ನಿಂತು ಹೇಳಿದ ಮಾತನ್ನು ನಾನು ಕಂಬದ ಮರೆಯಲ್ಲಿ ಕೇಳಿದೆ.

“ಪುಣ್ಯ ಸ್ವಾಮಿ, ಸಪೂರ ಆಗಿದ್ಲು. ಮೊದಲಿನ ಹಾಗೆ ಇರ್ತಿದ್ರೆ ಆ ಸಂದಿಯಿಂದ ಎಳೆದು ತೆಗಿಲಿಕ್ಕೇ ಆಗ್ತಿರ್ಲಿಲ್ಲ.”

ಅದು ಸುಳ್ಳಲ್ಲ. ಅದಕ್ಕೇ ಮರೆಯಲಾಗುವುದಿಲ್ಲ. ಅಜ್ಜಿಯೂ ಬಂದವರಿಗೆಲ್ಲ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. “ನೋಂಪಿಯ ಪುಣ್ಯ. ಜೀವ ಉಳಿಯಿತು.” ಅಕ್ಕ ಹಾಸಿಗೆಯಿಂದ ಇಬ್ಬರ ಮಾತನ್ನೂ ಕೇಳುತ್ತಿದ್ದಳು. ಅವಳಿಗೆ ಎಲ್ಲವೂ ಸರಿಯಾಗಿಯೇ ಹೊಂದಿಕೊಂಡಿತು. ಅವಳು ಕಡಿಮೆಯಾದದ್ದು ಸಾಕಾಗಲಿಲ್ಲ, ಆದರೆ ಕಡಿಮೆಯಾದದ್ದರಿಂದಲೇ ಬದುಕಿದಳು. ಇನ್ನೇನು ಬೇಕು?

ಮುಂದೆ ನಾನು ಇಂಜಿನಿಯರಿಂಗ್ ಓದಿದೆ. ಮಿಜಾರಿನಲ್ಲಿ ಕೋಣೆ ಮಾಡಿಕೊಂಡು, ದಿನಾ ಬಸ್ಸಿನಲ್ಲಿ ಕಾಲೇಜಿಗೆ. ಒಂದು ದಿನ ತರಗತಿಯಲ್ಲಿ ನಮ್ಮ ಉಪನ್ಯಾಸಕರು, ಒಳ್ಳೆಯ ಹಾಸ್ಯಗಾರ, ಗಾಡಿಗಳು ಒಂದು ಬದಿಗೆ ಯಾಕೆ ಎಳೆಯುತ್ತವೆ ಎಂದು ವಿವರಿಸುತ್ತಿದ್ದರು. ಒಂದು ಬದಿಯ ಟಯರಿನಲ್ಲಿ ಗಾಳಿ ಕಡಿಮೆಯಾಗಿರಬಹುದು. ಚಕ್ರಗಳ ಅಲೈನ್‌ಮೆಂಟ್ ತಪ್ಪಿರಬಹುದು. ಇಲ್ಲವೇ ಒಂದು ಚಕ್ರದ ಬ್ರೇಕು ಹಿಡಿದುಕೊಂಡೇ ಇರಬಹುದು.

“ಕಾಲು ತೆಗೆದ್ರೂ ಆ ಬ್ರೇಕು ಬಿಡೂದಿಲ್ಲ. ಉಜ್ಜಿ ಉಜ್ಜಿ ಚಕ್ರ ಬಿಸಿ ಆಗ್ತದೆ. ಸುಟ್ಟ ವಾಸನೆ ಬರ್ತದೆ. ನಾಲ್ಕು ಹನಿ ನೀರು ಹಾಕಿ, ಚುಂಯ್ ಅಂದ್ರೆ ಅದೇ. ಬಿಚ್ಚಿ ಸ್ವಚ್ಛ ಮಾಡಿದ್ರೆ ಮುಗೀತು, ಒಂದು ಗಂಟೆಯ ಕೆಲಸ. ಮಾಡದಿದ್ರೆ ಜೋರು ಬ್ರೇಕ್ ಹಾಕಿದ ದಿವಸ ಗಾಡಿ ಆ ಬದಿಗೇ ನುಗ್ತದೆ.”

ನನ್ನ ಕೈ ತಾನಾಗಿ ಮೇಲೆ ಹೋಯಿತು. “ಸರ್, ಒಂದು ಬದಿಯಲ್ಲಿ ದಪ್ಪ ಇರುವ ಮಗು ಕೂತರೆ?”

“ಮಗುವಾ?” ಸರ್ ಕನ್ನಡಕ ತೆಗೆದರು. “ಎಂಥ ಮಗು ಮಾರಾಯ ಅದು, ಆನೆಮರಿಯಾ?”

ತರಗತಿಯಿಡೀ ನಕ್ಕಿತು. ಆ ನಗು ನನಗೆ ಪರಿಚಯದ್ದು. ಸರ್ ಆಮೇಲೆ ಸಮಾಧಾನದಿಂದ, ಒಂದು ಮಗುವಿನ ಭಾರದಿಂದ ಗಾಡಿಗೆ ಏನೂ ಆಗುವುದಿಲ್ಲ ಎಂದರು.

ಆ ವಾರವೇ ಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಚಿತ್ರ ಬರೆದು ತೋರಿಸಿದೆ. ಅವಳು ಗಮನವಿಟ್ಟು ಕೇಳಿದಳು. “ಹೌದಾ? ಬ್ರೇಕಾ?” ಎಂದಳು. ಚಿತ್ರವನ್ನು ನನ್ನ ಕಡೆಗೆ ಸರಿಸಿ, “ಆದ್ರೂ ನಾನು ದಪ್ಪ ಇದ್ದೆ ಅಲ್ವಾ ಆಗ,” ಎಂದು ಎದ್ದು ಒಳಗೆ ಹೋದಳು. ಅವಳ ಎಡಗಾಲು ಗಿಡ್ಡವಾಗಿದೆ. ನಡೆಯುವಾಗ ಹೆಜ್ಜೆಗೊಮ್ಮೆ ಎಡಕ್ಕೆ ವಾಲುತ್ತಾಳೆ, ಮತ್ತೆ ತನ್ನನ್ನು ತಾನೇ ಬಲಕ್ಕೆ ಎಳೆದುಕೊಳ್ಳುತ್ತಾಳೆ.

ಈಗ ಅವಳು ಮೂಡುಬಿದಿರೆಯಲ್ಲಿ ಟೀಚರ್. ಮಕ್ಕಳಿಗೆ ಅವಳೆಂದರೆ ಪ್ರಾಣ. ನಾನು ಬಂಟ್ವಾಳದಲ್ಲಿದ್ದೇನೆ. ವಾಟ್ಸಾಪಿನಲ್ಲಿ ಆ ಫೋಟೊ ಬಂದ ವಾರವೇ ಮಾಣಿಯಲ್ಲಿ ನಮ್ಮವರದ್ದೊಂದು ಮದುವೆಯಿತ್ತು. ಅವಳನ್ನು ಕರೆದುಕೊಂಡು ಹೋಗಲು ಹೊಸ ಕಾರಿನಲ್ಲಿ ಹೋದೆ. ಬಾಗಿಲು ತೆರೆದೆ. ಅವಳು ಹತ್ತಲಿಲ್ಲ.

“ಯಾವ ಬದಿ ಕೂತ್ಕೊಳ್ಳಲಿ?”

“ಮುಂದೆ ಕೂತ್ಕೋ ಅಕ್ಕ. ನನ್ನ ಹತ್ತಿರ.”

ಕುಳಿತಳು. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದೆ. “ಪ್ರಯಾಣ ಉಂಟಲ್ಲ,” ಎಂದಳು. ಪ್ರಯಾಣವಿದ್ದ ದಿನ ಅವಳು ತಿನ್ನುವುದಿಲ್ಲ. ಮದುವೆಯ ಮನೆಯಲ್ಲಿ ಎಲೆಯ ಮುಂದೆ ಕುಳಿತು ಎಲ್ಲವನ್ನೂ ಬದಿಗೆ ಸರಿಸುತ್ತಾಳೆ, ಮರಳಿ ಹೋಗಬೇಕಲ್ಲ ಎಂದು. ಕೊಟ್ಟಿಗೆಯ ಎಲೆ ಮೂಸಿ ನೋಡುತ್ತಿದ್ದ ಹುಡುಗಿಯನ್ನು ನಾನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಲೆಕ್ಕ ಹಾಕಿದರೆ, ಆ ಗೇರುಹೂವಿನ ಸಮಯಕ್ಕೇ ಬಂದು ನಿಲ್ಲುತ್ತದೆ. ರಸ್ತೆ ಓದುವುದನ್ನೂ ಬಿಟ್ಟಿದ್ದಾಳೆ. ಮೂಡುಬಿದಿರೆಯಿಂದ ಸಿದ್ಧಕಟ್ಟೆಯವರೆಗೆ ಎಷ್ಟು ದನ, ಎಷ್ಟು ಹೂ ಕಟ್ಟಿದ ಬಸ್ಸುಗಳು ದಾಟಿ ಹೋದವು. ಅವಳು ನೋಡುತ್ತಿದ್ದದ್ದು ಸ್ಟೇರಿಂಗಿನ ಮೇಲಿದ್ದ ನನ್ನ ಕೈಯನ್ನು. ಕಾಲು ಗಿಡ್ಡವಾದದ್ದು ಎಲ್ಲರಿಗೂ ಕಾಣುತ್ತದೆ. ಉಳಿದದ್ದು ಯಾರ ಫೋಟೊದಲ್ಲೂ ಇಲ್ಲ.

ಸಿದ್ಧಕಟ್ಟೆ ದಾಟಿದ ಮೇಲೆ ಒಂದು ಸಮತಟ್ಟು ರಸ್ತೆ ಬಂತು. ಮುಂದೆ ಹಿಂದೆ ಯಾರೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. ಅವಳಿಗೆ ಒಮ್ಮೆಯಾದರೂ ತೋರಿಸಬೇಕು ಅನಿಸಿತು.

“ಅಕ್ಕಾ, ನೋಡು,” ಎಂದು ಎರಡೂ ಕೈಗಳನ್ನು ಸ್ಟೇರಿಂಗಿನಿಂದ ಸ್ವಲ್ಪ ಎತ್ತಿದೆ.

ಕಾರು ಗೆರೆ ಎಳೆದ ಹಾಗೆ ನೇರ ಹೋಯಿತು.

ತಿರುಗಿ ನೋಡಿದರೆ ಅವಳು ಕಣ್ಣು ಮುಚ್ಚಿದ್ದಳು. ಇಡೀ ಮೈಯನ್ನು ಬಲಕ್ಕೆ, ನನ್ನ ಕಡೆಗೆ ವಾಲಿಸಿ, ಉಸಿರು ಕಟ್ಟಿ ಕುಳಿತಿದ್ದಳು. ನಾನು ಕೈ ಇಳಿಸಿದ ಮೇಲೂ ಹಾಗೆಯೇ ಇದ್ದಳು. ಆ ನೇರ ರಸ್ತೆಯನ್ನು ನೋಡಿದವನು ನಾನೊಬ್ಬನೇ.